ಬಹುಮಾನ ನುಂಗಿದ ರೆಕಾರ್ಡರ್

"ರೀ, ರಿಪೇರಿಯವರನ್ನ ಕರೀರಿ ಅಂದೆ. ನೀವು ಮಾತ್ರ ಕೈ ಹಾಕ್ಬೇಡಿ!"

ಹೆಂಡತಿಯ ಈ ಮಾತು ಕಿವಿಗೆ ಬೀಳುವ ಹೊತ್ತಿಗೆ ಯಜಮಾನರ ಕೈ ಟಿವಿಯ ಹಿಂದೆ ಮೊಣಕೈವರೆಗೆ ಹೋಗಿಯಾಗಿತ್ತು. ಲಿಫ್ಟ್ ರಿಪೇರಿ ಅವರ ಉದ್ಯೋಗ. ಮಹಡಿಗಳ ನಡುವೆ ತ್ರಿಶಂಕುವಾಗಿ ನಿಂತವರನ್ನೆಲ್ಲ ಭೂಮಿಗಿಳಿಸಿದ ಪುಣ್ಯಾತ್ಮರು. ಅಂಥವರು ಟಿಫಿನ್ ಡಬ್ಬಿಯಷ್ಟಿರುವ ವಿಡಿಯೋ ರೆಕಾರ್ಡರಿಗೆ ಇನ್ನೊಬ್ಬರನ್ನು ಕರೆಸುವುದೇ? ಮಾನದ ಪ್ರಶ್ನೆ!

ಆದರೆ ಇವತ್ತು ಹೆಂಡತಿಯ ಮಾನವೂ ಅದೇ ಡಬ್ಬಿಯೊಳಗಿತ್ತು. ಬ್ಯೂಟಿ ಪಾರ್ಲರ್ ನಡೆಸುವ ಆಕೆ ಟಿವಿಯವರ ಕೇಶಾಲಂಕಾರ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಹೊಡೆದಿದ್ದಳು. "ಕಪ್ ಎಲ್ರಿಗೂ ಕೊಡ್ತಾರೆ ಬಿಡೇ. ಮೊದಲನೇದೋ ಕೊನೇದೋ ಯಾರಿಗೆ ಗೊತ್ತು?" ಎಂದು ಅವಳ ಅಕ್ಕ ಫೋನಿನಲ್ಲೇ ಮೂಗು ಮುರಿದಿದ್ದಳು. "ನಿನ್ನೆ ಟಿವೀಲಿ ಬಂತು, ರೆಕಾರ್ಡ್‌ಗೆ ಹಾಕಿದೀವಿ. ಸಂಜೆ ಬಾ, ಒಟ್ಟಿಗೇ ನೋಡೋಣ" ಎಂದು ಇವಳು ಸವಾಲೆಸೆದಿದ್ದಳು. (ಅಕ್ಕತಂಗಿಯರ ವಾತ್ಸಲ್ಯಕ್ಕೆ ಸವಾಲೇ ಆಧಾರ.) ಈಗ ಸಂಜೆಯಾಗಿದೆ, ಡಬ್ಬಿ ಮಾತ್ರ ಯಾವ ಬಟನ್ನಿಗೂ ಜಪ್ಪಯ್ಯ ಎನ್ನುತ್ತಿಲ್ಲ.

ಯಜಮಾನರಿಗೋ ಉತ್ಸಾಹ ಉಕ್ಕಿ ಹರಿಯಿತು. ರಿಮೋಟಿನ ಬೆನ್ನಿಗೆ ನಾಲ್ಕು ಬಾರಿಸಿದರು. ಸ್ವಿಚ್ ಆರಿಸಿ ಹಾಕಿದರು. ಇದ್ದಬದ್ದ ವೈರುಗಳನ್ನೆಲ್ಲ ಕಿತ್ತು, ಒರೆಸಿ, ಮರಳಿ ಚುಚ್ಚಿದರು. ಅಲ್ಲಿಯವರೆಗೆ ನೆಟ್ಟಗಿದ್ದ ಟಿವಿಯೂ ಕಣ್ಣು ಮುಚ್ಚಿತು.

"ನೋಡಿದ್ರಾ! ಇದ್ದದ್ದೂ ಹೋಯ್ತು!"

"ಸ್ವಲ್ಪ ತಾಳು ಮಾರಾಯ್ತಿ, ರೋಗ ಈಗ ಹೊರಗೆ ಬಂತು!"

ಹೊರಗೆ ಬಂದ ರೋಗವನ್ನು ಒಳಗೆ ಕಳಿಸಲು ಹೆಂಡತಿಯೇ ಸಹಾಯವಾಣಿಗೆ ಫೋನ್ ಮಾಡಬೇಕಾಯಿತು. ಅತ್ತಲಿಂದ ಮಾತಾಡಿದ ಹುಡುಗಿ ಯಾವ ವೈರು ಎಲ್ಲಿಗೆ ಎಂದು ಹೇಳಿ, ಟಿವಿಯ ಕಣ್ಣು ತೆರೆಸಿ, ಪರದೆಯ ಮೇಲೆ ಏನು ಬರೆದಿದೆ ಎಂದು ಕೇಳಿದಳು. ಕೇಳಿಕೊಂಡು ಸಣ್ಣಗೆ ನಕ್ಕಳು. "ಡಬ್ಬಿ ಕೆಟ್ಟಿಲ್ಲ ಮೇಡಂ. ಭರ್ತಿಯಾಗಿ ಸಿಕ್ಕಿಹಾಕಿಕೊಂಡಿದೆ. ಹಳೇದನ್ನ ಸ್ವಲ್ಪ ಅಳಿಸಿ, ಓಡುತ್ತೆ."

ಹೆಂಡತಿ ಗಂಡನ ಕಡೆ ತಿರುಗಿದಳು. ಡಬ್ಬಿಯ ತುಂಬ ಇದ್ದದ್ದು ಯಜಮಾನರ ಫುಟ್‌ಬಾಲ್ ಪಂದ್ಯಗಳು. "ಆಮೇಲೆ ನಿಧಾನಕ್ಕೆ ನೋಡೋಣ" ಎಂದು ಕೂಡಿಟ್ಟು, ಒಂದನ್ನೂ ನೋಡದೆ ಬಿಟ್ಟ ಆಸ್ತಿ.

"ಅಳಿಸ್ತೀರಾ, ಇಲ್ಲಾ ನಾನೇ ಅಳಿಸ್ಲಾ?"

"ಆ ಫೈನಲ್ ಒಂದು ಇರ್ಲಿ ಕಣೇ... ಗೆದ್ದೋರು ಯಾರು ಅಂತಾನೂ ನಂಗಿನ್ನೂ ಗೊತ್ತಿಲ್ಲ!"

ಅವಳು ಒತ್ತಿಯೇಬಿಟ್ಟಳು. ಪಂದ್ಯಗಳೆಲ್ಲ ಒಂದೇ ಏಟಿಗೆ ಕೈಲಾಸ ಸೇರಿದವು. ಡಬ್ಬಿ ಗುರ್ ಎಂದು ಎದ್ದು ಕೂತಿತು, ಅದೇ ಹೊತ್ತಿಗೆ ಬಾಗಿಲಲ್ಲಿ ಅಕ್ಕ!

"ಬನ್ನಿ ಅತ್ತಿಗೆ, ಕೂತ್ಕೊಳ್ಳಿ. ಈಗಷ್ಟೇ ನಾನೇ ರಿಪೇರಿ ಮಾಡ್ದೆ" ಎಂದರು ಯಜಮಾನರು ಎದೆಯುಬ್ಬಿಸಿ.

ಪರದೆಯ ಮೇಲೆ ಹೆಂಡತಿ ಕಾಣಿಸಿಕೊಂಡಳು. ಕತ್ತರಿ ಕಚಕಚ ಆಡಿತು. ಮೂವರೂ ಉಸಿರು ಬಿಗಿಹಿಡಿದು ಕೂತರು. ಕೊನೆಗೆ ತೀರ್ಪುಗಾರರು ಮೈಕ್ ಹಿಡಿದು, "ಮೊದಲ ಬಹುಮಾನ..." ಎಂದು ಬಾಯಿ ತೆರೆದರು.

ಪರದೆ ಕಪ್ಪಾಯಿತು. ನಿನ್ನೆ ಯಜಮಾನರ ಪಂದ್ಯಗಳು ಉಳಿಸಿದ್ದ ಜಾಗ ಅಷ್ಟೇ ಇತ್ತು. ಡಬ್ಬಿ ಭರ್ತಿಯಾದದ್ದು ಸರಿಯಾಗಿ ಆ ಗಳಿಗೆಯಲ್ಲಿ!

ಅಕ್ಕ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. "ಹೋಗ್ಲಿ ಬಿಡೇ. ಕಪ್ ಚೆನ್ನಾಗಿದೆ."

ಹೆಂಡತಿಯ ಕಣ್ಣು ತುಂಬಿತು. ಆಮೇಲೆ ಅವಳು ಮೆಲ್ಲಗೆ ಎದ್ದು, ಒಳಗಿಂದ ಟವೆಲ್ಲು, ಬಾಚಣಿಗೆ, ಕತ್ತರಿ ತಂದಳು.

"ಅಕ್ಕಾ, ಬಹುಮಾನ ಬಂದ ಸ್ಟೆಪ್ ಕಟಿಂಗನ್ನ ಇಲ್ಲೇ ಮಾಡಿ ತೋರಿಸ್ತೀನಿ. ನೀನೇ ತೀರ್ಪು ಹೇಳು. ರೀ, ಬನ್ನಿ ಇಲ್ಲಿ."

"ನಾನಾ? ಲೇ, ಬೆಳಗ್ಗೆ ನನಗೆ ಡ್ಯೂಟಿ ಇದೆ ಕಣೇ!"

"ಕೂತ್ಕೊಳ್ಳಿ."

ಕೂತರು. ಕೂದಲು ಕಿವಿಯ ಮೇಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯತೊಡಗಿತು. ಅಕ್ಕನಿಗೆ ತಡೆಯಲಾಗಲಿಲ್ಲ. "ಅಯ್ಯಯ್ಯೋ, ನಿಜವಾಗ್ಲೂ ಮೊದಲನೇ ಬಹುಮಾನವೇ ಕಣೇ!" ಎಂದು ಕುಣಿದಾಡುತ್ತ ಫೋನ್ ಹೊರತೆಗೆದು, ವಿಡಿಯೋ ಹಿಡಿದು, ಬಂಧುಬಳಗಕ್ಕೆಲ್ಲ ಕಳಿಸಿಬಿಟ್ಟಳು.

ಆ ರೆಕಾರ್ಡಿಂಗ್ ಮಾತ್ರ ಎಲ್ಲೂ ನಿಲ್ಲದೆ, ಕೊನೆಯ ಕೂದಲಿನವರೆಗೂ ಬಂದಿತ್ತು.