ಮೊದಲ ದೇಣಿಗೆ ಅತ್ತೆಯದಾಗಬೇಕು

ಬೆಳಕು ಹರಿಯುವ ಮೊದಲು ನಾನು ಹಾಲು ಕಾಯಿಸಿದೆ, ನೀರು ತುಂಬಿಸಿದೆ, ಮಗಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿದೆ, ಗಂಡ ಕಳೆದುಕೊಂಡಿದ್ದ ಕಾಲುಚೀಲವನ್ನು ಅವರದೇ ಬೂಟಿನೊಳಗಿಂದ ಹೊರಗೆಳೆದೆ, ಮೂರು ಡಬ್ಬಿಗಾಗುವಷ್ಟು ತರಕಾರಿ ಹೆಚ್ಚಿದೆ, ಅತ್ತೆಯ ಮೊಣಕಾಲಿಗೆ ಹಚ್ಚುವ ಎಣ್ಣೆ ಬೆಚ್ಚಗೆ ಮಾಡಿಟ್ಟೆ, ಒಣಗದ ಬಟ್ಟೆಗಳನ್ನು ಫ್ಯಾನಿನ ಕೆಳಗೆ ಹರವಿದೆ. ಇದರ ನಡುವೆ ಎರಡು ಸಲ ಬಚ್ಚಲುಮನೆಗೆ ಹೋಗಿ, ಚಿಲಕ ಹಾಕಿಕೊಂಡು, ಬಕೆಟ್ಟಿನ ಮುಂದೆ ನಿಂತು, "ಅತ್ತೆ, ನಮ್ಮ ಶಿಶುವಿಹಾರದ ಹೊಸ ಕಟ್ಟಡಕ್ಕೆ ಮೊದಲ ದೇಣಿಗೆ ನೀವು ಕೊಡಬೇಕು" ಎಂದು ಹೇಳಿ ನೋಡಿದೆ. ಬಕೆಟ್ಟು ಏನೂ ಅನ್ನಲಿಲ್ಲ.

ಹೊಲಿಗೆ ಕಾರ್ಖಾನೆಗೆ ಹೋಗುವ ಹೆಂಗಸರ ಮಕ್ಕಳನ್ನು ಹಗಲೆಲ್ಲ ನೋಡಿಕೊಳ್ಳುವ ಶಿಶುವಿಹಾರ ನಮ್ಮದು. ನಾನು ಅದರ ಗೌರವ ಕಾರ್ಯದರ್ಶಿ. (ಗೌರವ ಎಂದರೆ ಸಂಬಳವಿಲ್ಲ ಎಂದರ್ಥ. ಆ ಲೆಕ್ಕದಲ್ಲಿ ಮನೆಯಲ್ಲಿ ನನಗಿರುವಷ್ಟು ಗೌರವ ಯಾರಿಗೂ ಇಲ್ಲ.) ಬಾಡಿಗೆ ಕಟ್ಟಡವನ್ನು ಕೆಡವಿ ಅಂಗಡಿಸಾಲು ಕಟ್ಟಿಸುತ್ತೇನೆಂದು ಮಾಲೀಕರು ಹೇಳಿಬಿಟ್ಟಿದ್ದಾರೆ. ವರ್ಷದೊಳಗೆ ಸ್ವಂತ ಸೂರಾಗದಿದ್ದರೆ ಆ ಮಕ್ಕಳು ಮತ್ತೆ ಅಮ್ಮಂದಿರ ಹೊಲಿಗೆ ಯಂತ್ರದ ಕೆಳಗೇ ಮಲಗಬೇಕು. ನಾನು ಎಲ್ಲಿಗೆ ಹೋಗಬೇಕು ಎಂಬುದನ್ನು ಸಮಿತಿಯಲ್ಲಿ ಯಾರೂ ಕೇಳಲಿಲ್ಲ. ಹನ್ನೊಂದಕ್ಕೆ ಹೋಗಿ ಎರಡಕ್ಕೆ ಬರುವ ಆ ಜಾಗವೊಂದೇ ಈ ಭೂಮಂಡಲದಲ್ಲಿ ಅತ್ತೆಯ ಕಣ್ಣಳತೆಯ ಆಚೆಗಿರುವುದು. ಅಲ್ಲಿ ಮೂವತ್ತು ಮಕ್ಕಳು ಒಟ್ಟಿಗೆ ಅತ್ತರೂ ನನ್ನ ಕಿವಿಗೆ ನಿಶ್ಶಬ್ದ.

ಆದ್ದರಿಂದ ಕಟ್ಟಡ ನಿಧಿಗಾಗಿ ಮಹಾ ಅಭಿಯಾನ ಆರಂಭವಾಯಿತು. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಸಲಹೆಗಾರರು ಬೋರ್ಡಿನ ಮೇಲೆ ಗೋಪುರವೊಂದನ್ನು ಬರೆದರು. ಬುಡದಲ್ಲಿ ಸಣ್ಣ ಸಣ್ಣ ದೇಣಿಗೆಗಳು, ತುದಿಯಲ್ಲಿ ಒಂದೇ ಒಂದು ದೊಡ್ಡದು.

"ತುದಿಯಿಂದ ಶುರು ಮಾಡ್ಬೇಕು" ಎಂದರು. "ಒಟ್ಟು ಮೊತ್ತದ ಐದರಲ್ಲಿ ಒಂದು ಪಾಲು ಒಬ್ರಿಂದಾನೇ ಬರ್ಬೇಕು. ಅಲ್ಲೀವರೆಗೂ ಊರಿಗೆ ಉಸಿರು ಬಿಡೋ ಹಾಗಿಲ್ಲ. ಹತ್ತಿರದವರಲ್ಲಿ ಅಂಥೋರು ಯಾರಿದ್ದಾರೆ, ಯೋಚ್ನೆ ಮಾಡಿ."

ಖಜಾಂಚಿ, ಅಂದರೆ ನಮ್ಮ ಬೀದಿಯ ಔಷಧಿ ಅಂಗಡಿಯವರು, ಕೆಮ್ಮಿದರು. "ಕಾರ್ಯದರ್ಶಿಗಳ ಅತ್ತೆ ಮೊನ್ನೆ ತವರಿನ ಸೈಟು ಮಾರಿದ್ರಂತಲ್ಲ?"

ಸಮಿತಿಯ ಕತ್ತುಗಳೆಲ್ಲ ನನ್ನ ಕಡೆ ತಿರುಗಿದವು.

ಆ ಸೈಟಿನ ಹಣದ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಒಮ್ಮೆ ನನ್ನ ಗಂಡ ಊಟದ ನಡುವೆ "ಕಾರು ಯಾಕೋ ಹಳೇದಾಯ್ತು" ಎಂದಿದ್ದರು, ಅಷ್ಟೆ. ಅತ್ತೆ ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರು. ಅವತ್ತಿನಿಂದ ಇವರು ಬಸ್ಸಿನಲ್ಲಿ ಓಡಾಡುತ್ತಿದ್ದಾರೆ.

"ಹೆದರ್ಬೇಡಿ" ಎಂದು ಸಲಹೆಗಾರರು ಧೈರ್ಯ ಹೇಳಿದರು. "ಮೊತ್ತ ಎಷ್ಟು ಅಂತ ಸ್ಪಷ್ಟವಾಗಿ ಕೇಳಿ. ಕೇಳಿದ ಮೇಲೆ ಬಾಯಿ ಮುಚ್ಕೊಂಡು ಕೂತ್ಬಿಡಿ. ಮೊದಲು ಮಾತಾಡಿದೋರು ಸೋತ ಹಾಗೆ."

ಮನೆಗೆ ಬಂದು ಗಂಡನನ್ನು ತಾಲೀಮಿಗೆ ಕೂರಿಸಿದೆ. "ರೀ, ನೀವು ಅತ್ತೆ ಆಗಿ."

"ಅಮ್ಮ ಆಗೋದಾ? ಅಯ್ಯೋ, ಅಷ್ಟು ಧೈರ್ಯ ನನಗಿಲ್ಲಮ್ಮ."

ಶಾಲು ಹೊದಿಸಿದ ಮೇಲೆ ಮಾತ್ರ ಏನಾಯಿತೋ, ಬೆನ್ನು ನೆಟ್ಟಗಾಯಿತು, ತುಟಿ ಬಿಗಿಯಿತು. ನಾನು "ಅತ್ತೆ..." ಎನ್ನುವಷ್ಟರಲ್ಲಿ, "ಹಾಲು ಉಕ್ತಾ ಇದೆ, ಕಣ್ಣು ಎಲ್ಲಿಟ್ಟಿದೀಯ?" ಎಂದರು. ನಾನು ಅಡುಗೆಮನೆಗೆ ಓಡಿದೆ. ಒಲೆಯ ಮೇಲೆ ಹಾಲೇ ಇರಲಿಲ್ಲ.

ಇಷ್ಟು ಸನ್ನದ್ಧಳಾಗಿ, ಈ ದಿನ ಬೆಳಿಗ್ಗೆ ಕುಕ್ಕರ್ ಏರಿಸಿ, ಎಣ್ಣೆಯ ಬಟ್ಟಲು ಹಿಡಿದು ಅತ್ತೆಯ ಕೋಣೆಗೆ ಹೋದೆ. ಅವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರು. ನಾನು ಕಣ್ಣು ಮುಚ್ಚಿ, ಕಟ್ಟಡ, ಮೊತ್ತ, ಮೊದಲ ದೇಣಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಬಾಯಿ ಮುಚ್ಚಿದೆ.

ಅತ್ತೆಯೂ ಬಾಯಿ ತೆರೆಯಲಿಲ್ಲ.

ಸಲಹೆಗಾರರು ಇದನ್ನು ಹೇಳಿಕೊಟ್ಟಿರಲಿಲ್ಲ. ಕುಕ್ಕರ್ ಕೂಗಿತು. ಮತ್ತೆ ಕೂಗಿತು. ಮತ್ತೂ ಕೂಗಿತು. ಮದುವೆಯಾದಂದಿನಿಂದ ಕುಕ್ಕರ್ ಕೂಗಿಗೆ ಏಳದೆ ಕುಳಿತದ್ದು ಇದೇ ಮೊದಲು. ಕಾಲುಗಳು ತಾವಾಗಿಯೇ ಎದ್ದು ಹೋಗುತ್ತವೆಯೇನೋ ಎಂದು ಎರಡನ್ನೂ ಕೈಯಿಂದ ಒತ್ತಿ ಹಿಡಿದುಕೊಂಡೆ. ಅತ್ತೆ ನನ್ನನ್ನೇ ನೋಡುತ್ತಿದ್ದರು.

"ಯಾರೂ ಗ್ಯಾಸ್ ಆರಿಸಲ್ವೇನ್ರೀ?" ಬಚ್ಚಲಿನಿಂದ ಗಂಡನ ಕೂಗು. ಆಮೇಲೆ ಒದ್ದೆ ಕಾಲಿನ ಓಟ. ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದು. "ಇದನ್ನ ಯಾವ ಕಡೆ ತಿರುಗಿಸೋದು? ಅಮ್ಮಾ! ಲೇ! ಮನೇಲಿ ಯಾರಾದ್ರೂ ಬದುಕಿದೀರಾ?"

ಸೀದ ವಾಸನೆ ಕೋಣೆಗೆ ಬಂತು.

"ಬಲಕ್ಕೆ ತಿರುಗಿಸೋ, ದಡ್ಡ" ಎಂದರು ಅತ್ತೆ.

ಸೋತರು!

"ಕೊಡ್ತೀನಿ" ಎಂದರು ಅತ್ತೆ, ನನ್ನ ಕಡೆ ತಿರುಗಿ. "ನೀನು ಕೇಳಿದಷ್ಟೂ ಕೊಡ್ತೀನಿ. ಆದ್ರೆ ಅಧ್ಯಕ್ಷೆ ನಾನಾಗ್ಬೇಕು. ಬರೀ ಹೆಸರಿಗಲ್ಲ. ದಿನಾ ಬರ್ತೀನಿ, ನಿನ್ನ ಜೊತೇಲೇ."

"ನನ್ನ... ಜೊತೇಲಾ?"

"ಇನ್ಯಾರ ಜೊತೆ? ಹನ್ನೊಂದಕ್ಕೆ ಚೀಲ ನೇತುಹಾಕ್ಕೊಂಡು ಹೋಗ್ತೀಯಲ್ಲ, ಬೀದಿ ತಿರುವಿನ ತನಕ ಇಲ್ಲಿಂದ ನೋಡ್ತಿರ್ತೀನಿ. ಮನೆಯೊಳಗೆ ಕಾಲೆಳ್ಕೊಂಡು ಓಡಾಡ್ತೀಯ. ಗೇಟು ದಾಟಿದ್ರೆ ಹುಡುಗಿ ಥರ ನಡೀತೀಯ. ಅಲ್ಲೇನಿದೆ ಅಂತ ನಾನೂ ನೋಡ್ಬೇಕು." ಅತ್ತೆ ಬಟ್ಟಲಿಗೆ ಬೆರಳದ್ದಿದರು. "ನಾನು ಈ ಮನೆ ಬಿಟ್ಟು ಹೊರಗೆ ಹೋಗಿದ್ದು ಹೆರಿಗೆಗೆ, ಇಲ್ಲ ಸಾವಿಗೆ. ಚೀಲ ನೇತುಹಾಕ್ಕೊಂಡು ಯಾವತ್ತೂ ಹೋಗಿಲ್ಲ ಕಣೆ. ಯೋಚ್ನೆ ಮಾಡಿ ಹೇಳು. ಬೇಡ ಅಂದ್ರೆ ಬೇಡ, ಇನ್ನೊಂದು ಸಲ ನಾನು ಕೇಳೋದಿಲ್ಲ."

ಎಂದು ಹೇಳಿ, ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡರು. (ಯಾವ ಸಲಹೆಗಾರರ ತರಬೇತಿಯೂ ಇಲ್ಲದೆ!)

ನಾನು ಸೀದ ಕುಕ್ಕರನ್ನು ಅಂಗಳದ ನಲ್ಲಿಗೆ ಒಯ್ದು ಉಜ್ಜತೊಡಗಿದೆ. ಕಣ್ಣ ಮುಂದೆ ಭವಿಷ್ಯ ಕಾಣಿಸಿತು. ಶಿಶುವಿಹಾರದ ಹೊಸ ಕಟ್ಟಡ. ಅದರ ನಡುವೆ ಅತ್ತೆ. ಮಕ್ಕಳ ಚಾದರ ಮಡಿಚುವ ರೀತಿ ಸರಿಯಿಲ್ಲ. ಹಾಲಿನಲ್ಲಿ ನೀರು ಹೆಚ್ಚು. ಆಯಾಗೆ ಪೊರಕೆ ಹಿಡಿಯಲು ಬರುವುದಿಲ್ಲ. ಕಾರ್ಯದರ್ಶಿಗೆ ಏನೂ ಬರುವುದಿಲ್ಲ. ಮನೆಯಲ್ಲಿ ಇಪ್ಪತ್ತೊಂದು ಗಂಟೆ, ಅಲ್ಲಿ ಮೂರು ಗಂಟೆ, ಒಟ್ಟು ಕೂಡಿಸಿದರೆ ಇಡೀ ದಿನ. ಇಷ್ಟು ಹೆದರಿಕೆ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ.

ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ಬಡಿದುಕೊಂಡಿತು. ಸಲಹೆಗಾರರು.

"ಏನಂದ್ರು? ಇಲ್ಲ ಅಂದ್ರಾ? ಅಂದಿದ್ರೆ ಸಂಕೋಚ ಬೇಡಮ್ಮ, ಹೇಳ್ಬಿಡಿ. ಮುಂದಿನ ದಾರಿ ಕಾಣೆ, ಅಭಿಯಾನ ಇಲ್ಲಿಗೇ ಕೈಬಿಡೋಣ."

"ಇಲ್ಲ ಅಂದರು" ಎಂದರೆ ಮುಗಿಯಿತು. ಯಾರಿಗೂ ಅನುಮಾನ ಬರುವುದಿಲ್ಲ. ಅತ್ತೆಯ ಖ್ಯಾತಿ ಅಂಥದ್ದು. ಅಂಗಳದಲ್ಲಿ ನಾನು ಒಬ್ಬಳೇ. ಮಕ್ಕಳ ಅಮ್ಮಂದಿರು ಕಾರ್ಖಾನೆಯಲ್ಲಿದ್ದರು, ಗಂಡ ಸುಟ್ಟ ಬೆರಳಿಗೆ ಇಡೀ ಮನೆಯಲ್ಲಿ ಮುಲಾಮು ಹುಡುಕುತ್ತಿದ್ದರು. ಕಿಟಕಿಯಲ್ಲಿ ಅತ್ತೆ ಕಂಡರು. ನನ್ನತ್ತ ನೋಡುತ್ತಿರಲಿಲ್ಲ, ಬೀದಿಯ ತಿರುವನ್ನು ನೋಡುತ್ತಿದ್ದರು.

"ಹಲೋ? ಇದೀರಾ?"

"ಇದೀನಿ ಸಾರ್" ಎಂದೆ. "ಒಪ್ಪಿದ್ದಾರೆ. ಅಧ್ಯಕ್ಷರ ಕುರ್ಚಿಗೆ ಒಂದು ದಿಂಬು ತರಿಸ್ಬೇಕು. ಅವರಿಗೆ ಬೆನ್ನು ಹಿಡಿಯುತ್ತೆ."