"ಶ್ವಾಸಕೋಶ ಉಂಟಲ್ವಾ, ಮತ್ತೆಂತ?"

ಒಬ್ಬೊಬ್ಬರಿಗೆ ಒಂದೊಂದು ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತದೆ. ನಮ್ಮ ಪಕ್ಕದ ಮನೆಯ ಮಾಸ್ಟ್ರಿಗೆ "ನಿಮಗೇನು, ರಜೆಯೇ ರಜೆ" ಎಂದರೆ ಸಾಕು, ಕಲಸಿದ ಅನ್ನ ಬಿಟ್ಟು ಜಗಳಕ್ಕೆ ನಿಲ್ಲುತ್ತಿದ್ದರು. ನನಗೆ ಹಾಗೆ ಉರಿಯುವುದು "ಇಲಿ ಅಂದರೆ ಇಲಿ" ಎಂಬ ಮಾತಿಗೆ. ನೀವು ನಗುತ್ತೀರಿ, ಗೊತ್ತು. ನಗಿ. ಅರವತ್ತರ ದಶಕದಲ್ಲಿ ಮಣಿಪಾಲದ ಗುಡ್ಡದ ಮೇಲಿನ ಒಂದು ಲ್ಯಾಬೊರೇಟರಿಯಲ್ಲಿ ಇಲಿ, ಚಿಟ್ಟಿಲಿ, ಗಿನಿ ಪಿಗ್‌ಗಳ ಶ್ವಾಸಕೋಶವನ್ನು ಅರೆದು, ಸೋಸಿ, ಯಾವುದರಲ್ಲಿ ಯಾವ ರಾಸಾಯನಿಕ ಎಷ್ಟಿದೆಯೆಂದು ನೋಡುವುದೇ ನನ್ನ ಅನ್ನದ ದಾರಿಯಾಗಿತ್ತು. ಉಡುಪಿಯಿಂದ ಹೊರಟ ಬಸ್ಸಿನಲ್ಲಿ ಪಕ್ಕ ಕುಳಿತವರು ಕೆಲಸವೇನೆಂದು ವಿಚಾರಿಸಿದರೆ ನಾನು ಹುರುಪಿನಿಂದ ಎಲ್ಲ ವಿವರಿಸುತ್ತಿದ್ದೆ. ಗುಡ್ಡ ಹತ್ತುವವರೆಗೂ ತಲೆಯಾಡಿಸಿ ಕೇಳಿದ ಒಬ್ಬ ಮಹಾನುಭಾವರು ಇಳಿಯುವಾಗ ಹೇಳಿದ್ದು: "ಇಲಿ ಹಿಡಿಯುವ ಕೆಲಸ ಅಂತ ಹೇಳಿ ಮಾರಾಯ್ರೆ. ನಮ್ಮ ಅಟ್ಟದಲ್ಲಿಯೂ ಉಂಟು, ಒಮ್ಮೆ ಬಂದು ಹೋಗಿ."

ಅಲ್ಲ, ನೀವೇ ಹೇಳಿ. ಹಲ್ಲು ಒಂದೇ ಥರ ಇದ್ದ ಮಾತ್ರಕ್ಕೆ ಒಳಗಿರುವುದೆಲ್ಲ ಒಂದೇ ಆಗುತ್ತದೆಯೇ? ಇಲಿಯ ದಪ್ಪ ದಾಯಾದಿಯಂತಿರುವ ಗಿನಿ ಪಿಗ್ ಎಂಬ ಪ್ರಾಣಿಯ ಶ್ವಾಸನಾಳ ಮಹಾ ಮುಂಗೋಪಿ. ಗಾಜಿನ ಜಾಡಿಯೊಳಗೆ ಅದನ್ನು ಕೂರಿಸಿ ಹಿಸ್ಟಮಿನ್ ಎಂಬ ರಾಸಾಯನಿಕದ ತುಂತುರನ್ನು ಒಂದಿಷ್ಟು ಬಿಟ್ಟರೆ ನಾಳಗಳು ಬಿಗಿದುಕೊಂಡು, ಪಕ್ಕೆ ಎದ್ದೆದ್ದು ಬಿದ್ದು, ಬಡಪಾಯಿ ಏದುಸಿರು ಬಿಡತೊಡಗುತ್ತದೆ. ಕೂಡಲೇ ಹೊರಗೆ ತೆಗೆಯಬೇಕು. ಅದೇ ಜಾಡಿ, ಅದೇ ತುಂತುರು, ಒಳಗೆ ಇಲಿಯನ್ನು ಕೂರಿಸಿ ನೋಡಿ: ಮುಂಗಾಲೆತ್ತಿ ಮೀಸೆ ಒರೆಸಿಕೊಳ್ಳುತ್ತಾ ಕೂತಿರುತ್ತದೆ. ನಿಮ್ಮ ಹಿಸ್ಟಮಿನ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಇಷ್ಟು ದೊಡ್ಡ ವ್ಯತ್ಯಾಸ ಕಣ್ಣೆದುರಿಗಿದ್ದೂ ಇಲಿ ಅಂದರೆ ಇಲಿ ಎನ್ನುವವರಿಗೆ ಏನು ಹೇಳುವುದು!

ಈ ಸಿಟ್ಟಿನ ಜೊತೆಗೆ ಮನೆಯಲ್ಲಿ ಆಗ ಇನ್ನೊಂದು ರಗಳೆ ನಡೆದಿತ್ತು. ನನ್ನ ಹೆಂಡತಿ ಸುಮತಿ ಇನ್ನಂಜೆಯವಳು. ಮಾತು ಕಡಿಮೆ. ನನಗೆ ಬೀಡಿಯ ಚಟ. ಲ್ಯಾಬಿನಲ್ಲಿ ಸೇದುವಂತಿಲ್ಲವಾದ್ದರಿಂದ ಬಾಕಿಯನ್ನೆಲ್ಲ ಮನೆಯ ಚಾವಡಿಯಲ್ಲಿ ತೀರಿಸುತ್ತಿದ್ದೆ. ನಾನು ಕಡ್ಡಿ ಗೀರುವುದೇ ತಡ, ಅವಳಿಗೆ ಒಳಗೆ ಕೆಮ್ಮು. ಅದು ನನ್ನ ಬೀಡಿಯನ್ನು ನಿಲ್ಲಿಸಲು ಹೂಡಿದ ನಾಟಕವೆಂದೇ ನನ್ನ ನಂಬಿಕೆ. ನನ್ನಪ್ಪ ಸೇದಿದರು, ಅಜ್ಜ ಸೇದಿದರು, ನಮ್ಮ ಮನೆಯ ಹೆಂಗಸರು ಯಾರಾದರೂ ಕೆಮ್ಮಿದ್ದುಂಟೇ? ಹೀಗೆಂದು ಅವಳೆದುರಿಗೇ ಕೇಳಿದ್ದೂ ಉಂಟು. ಆ ಮಳೆಗಾಲದಲ್ಲಿ ಅವಳು ಕೊನೆಗೂ ಬಾಯಿ ಬಿಟ್ಟು ಹೇಳಿದಳು: "ಭಾನುವಾರ ತಮ್ಮ ಬರ್ತಾನೆ. ಅಷ್ಟರೊಳಗೆ ನಿಮ್ಮ ಬೀಡಿ ಮನೆಯಿಂದ ಹೊರಗೆ ಹೋಗಬೇಕು. ಇಲ್ಲದಿದ್ದರೆ ಅವನ ಜೊತೆ ನಾನು ಹೋಗ್ತೇನೆ. ನನಗೆ ಇಲ್ಲಿ ಉಸಿರು ಸಿಕ್ಕುವುದಿಲ್ಲ." ಹೋಗುವವರಿಗೆ ಬಾಗಿಲು ತೆರೆದೇ ಉಂಟು ಎಂದುಬಿಟ್ಟೆ. ಅವಳು ಟ್ರಂಕ್ ಕೆಳಗಿಳಿಸಿ ಸೀರೆ ಮಡಚಿ ತುಂಬತೊಡಗಿದಾಗ ಪೇಪರು ಅಡ್ಡ ಹಿಡಿದು ಅದರ ಮರೆಯಿಂದ ನೋಡುತ್ತಿದ್ದೆ.

ಆ ಶನಿವಾರ ನಮ್ಮಲ್ಲಿಗೆ ಮದರಾಸಿನಿಂದ ಇಬ್ಬರು ಪ್ರೊಫೆಸರರು ಬರುವವರಿದ್ದರು. ಗಿನಿ ಪಿಗ್‌ನ ಪ್ರಯೋಗವನ್ನು ಅವರಿಗೆ ತೋರಿಸುವ ಭಾರ ನನ್ನದು. ಇದ್ದ ಗಿನಿ ಪಿಗ್‌ಗಳು ಮುಗಿದಿದ್ದರಿಂದ ಹೊಸತು ತರಿಸಿ ಇಡಬೇಕೆಂದು ಸ್ಟೋರಿನ ಶೀನಪ್ಪನಿಗೆ ವಾರದ ಮೊದಲೇ ಹೇಳಿದ್ದೆ. "ಆಯಿತು ಮಾರಾಯ್ರೆ, ನನಗೆ ಬಿಡಿ" ಎಂದಿದ್ದ. ಬಿಟ್ಟೆ. ಅತಿಥಿಗಳು ಕುರ್ಚಿಯಲ್ಲಿ ಕುಳಿತ ಮೇಲೆ ಪಂಜರ ಮೇಜಿಗೆ ಬಂತು. ಮೇಲಿನ ಬಟ್ಟೆ ಸರಿಸಿದೆ. ಒಳಗೆ ಬಿಳಿ ಇಲಿ! ಶೀನಪ್ಪನನ್ನು ಬಾಗಿಲ ಮರೆಗೆ ಎಳೆದೊಯ್ದು, "ಎಂತ ಮಾರಾಯ ಇದು?" ಎಂದೆ.

"ನೀವು ಹೇಳಿದ್ದು ಬರಲಿಲ್ಲ. ಮಳೆಗೆ ಲಾರಿ ನಿಂತಿದೆಯಂತೆ. ಇದು ಇತ್ತು, ತಂದೆ."

"ಇದು ಇಲಿ!"

"ಹೌದು. ಅದರ ಒಳಗೂ ಶ್ವಾಸಕೋಶ ಉಂಟಲ್ವಾ, ಮತ್ತೆಂತ?"

ಹಲ್ಲು ಕಡಿದು, ಲ್ಯಾಬಿನ ಮುಖ್ಯಸ್ಥರಾದ ನಮ್ಮ ದೊಡ್ಡ ಡಾಕ್ಟ್ರ ಕಿವಿಯಲ್ಲಿ ಇದರಿಂದ ಆಗುವುದಿಲ್ಲ ಎಂದೆ. ಅವರು ಮೂಲತಃ ಎಲುಬಿನ ಡಾಕ್ಟ್ರು. "ಇದರಲ್ಲೇ ಮಾಡಿಬಿಡಿ, ಅವರಿಗೆ ಊಟಕ್ಕೆ ಹೊತ್ತಾಯಿತು" ಎಂದರು. ಮಾಡಿದೆ. ತುಂತುರು ಬಿಟ್ಟೆ. ಪ್ರೊಫೆಸರರು ಕನ್ನಡಕ ಏರಿಸಿ ಜಾಡಿಗೆ ಮೂಗು ತಾಗಿಸಿದರು. ಇಲಿ ಅವರನ್ನೊಮ್ಮೆ ನೋಡಿ ಮೀಸೆ ಒರೆಸಿಕೊಂಡಿತು. ಇನ್ನಷ್ಟು ಬಿಟ್ಟೆ. ಇನ್ನಷ್ಟು ಒರೆಸಿಕೊಂಡಿತು. ಒಬ್ಬರು ಕೆಮ್ಮಿದರು, ಅದೂ ನಗು ತಡೆಯಲು. "ಏನ್ರೀ, ನಿಮ್ಮ ಔಷಧ ಹಳತಾಗಿರಬೇಕು" ಎಂದು ದೊಡ್ಡ ಡಾಕ್ಟ್ರು ಎಲ್ಲರ ಎದುರೇ ಅಂದರು. ನನ್ನ ಔಷಧವಂತೆ, ಹಳತಂತೆ!

ಮನೆಗೆ ಬಂದವನು ಚಪ್ಪಲಿ ಕಳಚುವ ಮೊದಲೇ ಬೀಡಿ ಹಚ್ಚಿದೆ. ಚಾವಡಿಯ ಒಂದು ತುದಿಯಲ್ಲಿ ಅವಳ ಟ್ರಂಕ್. ಅದನ್ನು ಸುತ್ತಿಕೊಂಡು ಅತ್ತಿಂದಿತ್ತ ನಡೆಯುತ್ತಾ ಶೀನಪ್ಪನ ಜನ್ಮ ಜಾಲಾಡಿದೆ, ಇಲಿ ಮೀಸೆ ಒರೆಸಿಕೊಂಡದ್ದನ್ನೂ ಸುಮತಿಯೆದುರು ಎರಡೂ ಕೈಯಿಂದ ಮಾಡಿ ತೋರಿಸಿದೆ. ಒಂದು ಆರಿದ ಹಾಗೆ ಇನ್ನೊಂದು ಹಚ್ಚಿದೆ. "ಶ್ವಾಸಕೋಶ ಉಂಟಲ್ವಾ ಅಂತಾನೆ! ಎಲ್ಲ ಶ್ವಾಸಕೋಶ ಒಂದೇ ಅಂತೆ! ಮೂರ್ಖ! ಒಂದಕ್ಕೆ ಏನೂ ಮಾಡದ್ದು ಇನ್ನೊಂದರ ಜೀವ ತೆಗೆದೀತು ಎಂಬಷ್ಟು ತಿಳಿಯಬೇಡವೇ ಮನುಷ್ಯನಿಗೆ?" ಮಳೆಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಸುಮತಿ ಕಾಫಿ ತಂದವಳು ಲೋಟ ಇಟ್ಟು, ಕೆಮ್ಮುತ್ತಾ ಟ್ರಂಕಿನ ಮೇಲೆ ಕುಳಿತಳು. ನನ್ನ ಮಾತಿಗೆ ಅಡ್ಡಿಯಾಯಿತೆಂದು ಇನ್ನೂ ರೇಗಿತು.

"ನಿನ್ನದೊಂದು ಗೋಳು! ಇದೇ ಹೊಗೆ ನಾನೂ ಕುಡಿಯುವುದಿಲ್ಲವೇ? ನನಗೇನಾಗಿದೆ? ನನಗಿರುವ ಶ್ವಾಸಕೋಶವೇ ನಿನಗೂ ಇರುವುದಲ್ವಾ?"

ಅವಳು ಉತ್ತರಿಸಲು ಬಾಯಿ ತೆರೆದಳು, ಸ್ವರ ಬರಲಿಲ್ಲ. ಒಂದು ಕೈ ಗೋಡೆಗೆ ಊರಿ, ಭುಜ ಮೇಲಕ್ಕೆತ್ತಿ ಉಸಿರೆಳೆದಳು. ಪಕ್ಕೆ ಎದ್ದೆದ್ದು ಬೀಳುತ್ತಿತ್ತು. ಜಾಡಿಯಲ್ಲಾದರೆ ಆ ಉಸಿರನ್ನು ಕೋಣೆಯ ಆಚೆ ತುದಿಯಿಂದಲೇ ಗುರುತಿಸುತ್ತಿದ್ದೆ. ನನಗೆ ಹೆದರಿಕೆಯಾಯಿತು. ಬೀಡಿಯನ್ನು ಅಂಗಳಕ್ಕೆಸೆದು ಕಿಟಕಿಗಳನ್ನೆಲ್ಲ ತೆರೆದೆ. ಮಳೆ ಒಳಗೆ ಹೊಡೆಯಿತು, ಹೊಡೆಯಲಿ. ಬೆನ್ನು ಸವರುತ್ತಾ ಪಕ್ಕದಲ್ಲಿ ಕುಳಿತೆ. ಎಷ್ಟೋ ಹೊತ್ತಿನ ಮೇಲೆ ಅವಳ ಉಸಿರು ಹದಕ್ಕೆ ಬಂತು.

"ಸ್ಟೋರಿನವರು ಹೇಳಿದ್ದೂ ಅದೇ ಅಲ್ವಾ?" ಎಂದಳು ಮೆಲ್ಲಗೆ.

ಮರುದಿನ ಭಾವಮೈದ ಬಂದ. ನೆನೆದ ಕೊಡೆ ಮಡಚಿ ಅವನು ಕೇಳಿದ್ದು ನನಗೆ ಹೊರಗಿನಿಂದಲೇ ಕೇಳಿಸಿತು.

"ಎಂತ ಅಕ್ಕ, ಟ್ರಂಕ್ ಎಲ್ಲಿ?"

"ಅಟ್ಟಕ್ಕೆ ಹಾಕಿಸಿದೆ."

"ಮತ್ತೆ ಭಾವ?"

ಭಾವ ಅಂಗಳದಾಚೆ ಜೀಗುಜ್ಜೆ ಮರದಡಿಯಲ್ಲಿ ಕೊಡೆ ಹಿಡಿದು, ಒದ್ದೆ ಬೀಡಿಯೊಂದಿಗೆ ಹೆಣಗುತ್ತಿದ್ದ. ಅಂದಿನಿಂದ ನನ್ನ ಜಾಗ ಅದೇ. ಹಾಗೆಂದು ಶೀನಪ್ಪನನ್ನು ಕ್ಷಮಿಸಿದೆನೆಂದು ಮಾತ್ರ ತಿಳಿಯಬೇಡಿ. ಅವನ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ಅಂಥ ಮಾತನ್ನು ಅವನಾಡಿದ್ದಿರಲಿ, ನನ್ನ ಬಾಯಿಂದಲೂ ಆಡಿಸಿದನಲ್ಲ! ಅಂದೂ ಇದನ್ನೇ ಯೋಚಿಸುತ್ತಾ, ಕೊಡೆಯ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ, ಎಲೆಯಿಂದ ತೊಟ್ಟಿಕ್ಕಿದ ನೀರನ್ನು ಎರಡೂ ಅಂಗೈಯಿಂದ ಮೀಸೆಯ ಮೇಲಿಂದ ಒರೆಸಿಕೊಳ್ಳುತ್ತಿದ್ದೆ. ತೆರೆದ ಕಿಟಕಿಯಲ್ಲಿ ನಿಂತು ಸುಮತಿ ಉಸಿರು ತುಂಬಿ ನಗುತ್ತಿದ್ದಳು.