ವನಜಕ್ಕನ ಹತ್ತು ನಿಮಿಷ

ತಲ್ಲೂರಿನ ಮಂಜುಗಡ್ಡೆ ಕಂಪನಿಯ ಶಾಖೆಯಲ್ಲಿ ಆರು ಕಂಪ್ಯೂಟರುಗಳಿದ್ದವು. ಅವುಗಳಲ್ಲಿ ಐದು ಬೆಳಿಗ್ಗೆಯೇ ಹಸಿರಾದವು. ಆರನೆಯದು ಬಿಲ್ಲು ಬರೆಯುವ ವನಜಕ್ಕನದು, ಅದು ಮಾತ್ರ ಕೆಂಪಗೆ ಕೂತುಬಿಟ್ಟಿತು.

ಮಂಗಳೂರಿನ ಹೆಡ್ಡಾಫೀಸು ಎಲ್ಲ ಶಾಖೆಗಳಿಗೂ ಹೊಸ ಪಾಲಿಸಿ, ಅಂದರೆ ಕಂಪ್ಯೂಟರಿನೊಳಗೇ ಕೂತು ಕಾವಲು ಕಾಯುವ ನಿಯಮಾವಳಿ, ಕಳಿಸಿತ್ತು. ಆಟ ಆಡಬಾರದು, ಗಡಿಯಾರ ಮುಟ್ಟಬಾರದು, ಹೆಡ್ಡಾಫೀಸು ಒಪ್ಪಿದ ಪಟ್ಟಿಯಲ್ಲಿಲ್ಲದ ಯಾವ ಸಾಮಾನನ್ನೂ ಕಂಪ್ಯೂಟರಿಗೆ ಜೋಡಿಸಬಾರದು ಎಂದೆಲ್ಲ ಅದರಲ್ಲಿತ್ತು. ಪಾಲಿಸಿ ತಲುಪಿದ ಕಂಪ್ಯೂಟರಿನ ಗುರುತು ಮ್ಯಾನೇಜರರ ಪರದೆಯಲ್ಲಿ ಹಸಿರಾಗುತ್ತಿತ್ತು. ಆರು ಕಂಪ್ಯೂಟರುಗಳೂ ಐದು ಗಂಟೆಯೊಳಗೆ ಹಸಿರಾದರೆ, ಅವುಗಳನ್ನು ನೋಡಿಕೊಳ್ಳುವ ರವಿರಾಜನ ಕೆಲಸ ಕಾಯಂ ಮಾಡಲು ಶಿಫಾರಸು ಪತ್ರ ಕಳಿಸುತ್ತೇನೆ ಎಂದು ಮ್ಯಾನೇಜರ್ ಭೋಜರಾಜರು ಮಾತು ಕೊಟ್ಟಿದ್ದರು. ಪತ್ರ ಕಳಿಸಲು ಅಂದೇ ಕೊನೆಯ ದಿನ, ಸಂಜೆಯ ಬಸ್ಸಿನಲ್ಲೇ ಅದು ಹೊರಡಬೇಕಿತ್ತು. ಮೂರು ವರ್ಷದಿಂದ ಟೆಂಪರರಿಯಾಗಿ ಸವೆದಿದ್ದ ರವಿರಾಜ ಮಧ್ಯಾಹ್ನದ ಊಟವನ್ನೂ ಮರೆತು ವನಜಕ್ಕನ ಮೇಜಿನ ಕೆಳಗೆ ನುಗ್ಗಿದ.

ಕೇಬಲ್ ಕಿತ್ತು ಚುಚ್ಚಿದ. ನಾಲ್ಕು ಸಲ ಆರಿಸಿ ಹಚ್ಚಿದ. ಮಂಗಳೂರಿಗೆ ಫೋನು ಮಾಡಿದರೆ ಅಲ್ಲಿಯವನೂ ಆರಿಸಿ ಹಚ್ಚಲು ಹೇಳಿದ. ಸ್ಟೋರಿನ ಗಣಪ ಬಂದು ಬಟ್ಟೆಯಿಂದ ಪರದೆ ಒರೆಸಿ, ಇನ್ನು ಬರುತ್ತದೆ ನೋಡು ಎಂದ. ಬರಲಿಲ್ಲ. ದಕ್ಷಿಣಕ್ಕೆ ಮುಖ ಮಾಡಿಟ್ಟದ್ದೇ ತಪ್ಪೆಂದು ಅವನೇ ಮೇಜು ಎಳೆದು ತಿರುಗಿಸಿದ. ಆಗ ಆ ಕಂಪ್ಯೂಟರಿಗೆ ಜೋಡಿಸಿದ್ದ ಪ್ರಿಂಟರಿನ ವಯರು ಕಳಚಿತು. ಶಾಖೆಗಿದ್ದ ಪ್ರಿಂಟರು ಅದೊಂದೇ. ಭೋಜರಾಜರು ಉಡುಪಿಯಲ್ಲಿ ಅರ್ಧ ಬೆಲೆಗೆ ಹುಡುಕಿ ತಂದ ಹಳೆಯ ಸಾಮಾನು ಅದು. ರವಿರಾಜ ಮತ್ತೆ ಮೇಜಿನಡಿಗೆ ಹೋಗಿ ಅದರ ವಯರು ಚುಚ್ಚಿದ.

ಗೋಡೆಯ ಗಡಿಯಾರ ನಾಲ್ಕೂ ನಲವತ್ತು ತೋರಿಸುವಾಗ ವನಜಕ್ಕ ಬುತ್ತಿ ಚೀಲಕ್ಕೆ ಕೈಹಾಕಿದರು. ಮೇಜಿನಡಿಯಿಂದ ಎದ್ದ ರವಿರಾಜನಿಗೆ ಅವರ ಕಂಪ್ಯೂಟರಿನಲ್ಲಿ ಮಾತ್ರ ನಾಲ್ಕೂ ಐವತ್ತು ಕಂಡಿತು.

"ವನಜಕ್ಕಾ, ಇದ್ರಲ್ಲ್ ಟೈಮ್ ಮುಂದೆ ಇತ್ತಲೆ?"

"ನಾನೇ ಇಟ್ಟದ್ ಮರಾಯ. ಮನಿ ಗಡಿಯಾರವೂ ಹಾಂಗೇ, ಕೈಗ್ ಕಟ್ಟಿದ್ದೂ ಹಾಂಗೇ. ಇಲ್ದಿರೆ ಬಿಜೂರ್ ಬಸ್ ಸಿಕ್ಕುದಿಲ್ಲ."

ರವಿರಾಜನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಗಡಿಯಾರ ಐದು ನಿಮಿಷಕ್ಕಿಂತ ಹೆಚ್ಚು ಆಚೀಚೆಯಾದರೆ ಮಂಗಳೂರಿನ ಸರ್ವರ್ ಯಂತ್ರ ಆ ಕಂಪ್ಯೂಟರನ್ನು ನಂಬುವುದೇ ಇಲ್ಲ. ಮತ್ತೆ ಪಾಲಿಸಿ ಎಲ್ಲಿಂದ ಬರಬೇಕು! ಸಮಯ ಸರಿಪಡಿಸಿ ಮತ್ತೊಮ್ಮೆ ಹಚ್ಚಿದ. ಐದಕ್ಕೆ ಐದು ನಿಮಿಷವಿರುವಾಗ ಆರನೆಯದೂ ಹಸಿರಾಯಿತು. ವನಜಕ್ಕ ಎಂದಿನಂತೆ ಕೈಗಡಿಯಾರ ನೋಡದೆ ಪರದೆಯಲ್ಲಿ ಐದಾಗುವವರೆಗೆ ಕೂತು, ಚೀಲ ಹೆಗಲಿಗೇರಿಸಿ ಹೊರಟರು.

ಭೋಜರಾಜರು ಮಾತಿಗೆ ತಪ್ಪುವವರಲ್ಲ. ಪತ್ರವನ್ನು ತಾವೇ ಟೈಪು ಮಾಡಿ ಪ್ರಿಂಟಿಗೆ ಕೊಟ್ಟರು. ಪ್ರಿಂಟರು ಮಿಸುಕಲಿಲ್ಲ. ಈ ಸಾಮಾನು ಪಟ್ಟಿಯಲ್ಲಿಲ್ಲ ಎಂದು ವನಜಕ್ಕನ ಪರದೆ ಹೇಳಿತು.

ಪೇಟೆಯ ಡಿಟಿಪಿ ಅಂಗಡಿಗೆ ಒಯ್ಯೋಣವೆಂದರೆ ಪೆನ್‌ಡ್ರೈವೂ ಪಟ್ಟಿಯಲ್ಲಿಲ್ಲ, ಅಲ್ಲೇ ಹೊಸದಾಗಿ ಟೈಪು ಮಾಡಿಸಲು ಬಸ್ಸಿನ ಹೊತ್ತು ಮೀರುತ್ತಿತ್ತು. ಇಮೇಲನ್ನಾಗಲಿ ಕೈಬರಹದ ಪತ್ರವನ್ನಾಗಲಿ ಹೆಡ್ಡಾಫೀಸು ಮುಟ್ಟುವುದಿಲ್ಲ. ಫೋನು ಮಾಡಿದರೆ ಅಲ್ಲಿ ಎತ್ತುವವರಿಲ್ಲ, ಐದಕ್ಕೇ ಬಾಗಿಲು ಹಾಕಿದ್ದರು. ಕೊನೆಗೆ ಗಡಿಯಾರವನ್ನೇ ಮತ್ತೆ ಹತ್ತು ನಿಮಿಷ ಮುಂದಿಟ್ಟರೆ ಪಾಲಿಸಿ ಬಿಟ್ಟುಹೋದೀತೆಂದು ರವಿರಾಜ ಕೈಹಾಕಿದ. ಗಡಿಯಾರ ಮುಟ್ಟುವ ಹಕ್ಕು ನಿಮಗಿಲ್ಲ ಎಂದಿತು ಪರದೆ.

ಮಂಗಳೂರಿಗೆ ಕವರು ಒಯ್ಯುವ ಬಸ್ಸು ಹೆದ್ದಾರಿಯಲ್ಲಿ ಹಾರ್ನು ಹೊಡೆದು ಹೋಯಿತು. ಭೋಜರಾಜರು ಕನ್ನಡಕ ತೆಗೆದು ಒರೆಸಿದರು. "ಆ ಒಂದ್ ಕಂಪ್ಯೂಟರನ್ನ ಹಾಂಗೇ ಬಿಟ್ಟಿದ್ರೆ ಆತಿತ್ತಲ್ದಾ?" ಎಂದರು.

ರವಿರಾಜ ಪ್ರಿಂಟರಿನ ವಯರು ಸುತ್ತಿಡುತ್ತಿರುವಾಗ ವನಜಕ್ಕ ಬೆವರುತ್ತ ಒಳಗೆ ಬಂದರು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವರಿಗೆ ಬಸ್ಸು ತಪ್ಪಿತ್ತು, ಮುಂದಿನ ಬಸ್ಸೂ ಕೈಕೊಟ್ಟಿತ್ತು. ತಪ್ಪಿಸಿದವನೇ ಮನೆಗೆ ಬಿಡಬೇಕೆಂದು ಗಣಪ ತೀರ್ಪು ಕೊಟ್ಟ.

ಬಿಜೂರಿಗೆ ಇಪ್ಪತ್ತಕ್ಕೂ ಮಿಕ್ಕಿ ಕಿಲೋಮೀಟರು. ರವಿರಾಜ ಬೈಕಿಗೆ ಕಿಕ್ ಹೊಡೆದ. ಆಗ ಸರಿಯಾಗಿ ಆರಕ್ಕೆ ಹತ್ತು ನಿಮಿಷವಿತ್ತು. ಹಿಂದೆ ಕೂತ ವನಜಕ್ಕ ಕೈಗಡಿಯಾರ ನೋಡಿಕೊಂಡರು.

"ಬೇಗ ಬಿಡ್ ಮರಾಯ, ಆರ್ ಗಂಟೆ ಆಯ್ತ್."